ಮಿಷನ್ ತರುವ ಮೊದಲು ಒಮ್ಮೆ ಹೆಗಲಿಗೆ ಹಾಕಿ ನೋಡು

ಆಲ್ದೂರು
ಮೇ ತಿಂಗಳು, ಭಾನುವಾರ

ಪ್ರೀತಿಯ ಪುಟ್ಟೂ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಈ ವಾರ ಎರಡು ಸಲ ಜೋರು ಮಳೆ ಬಂತು. ಕಾಫಿ ಗಿಡದಲ್ಲಿ ಮಿಡಿ ನಿಂತಿದೆ. ಅದರ ಜೊತೆ ಕಳೆಯೂ ಮೊಣಕಾಲವರೆಗೆ ಎದ್ದಿದೆ.

ನಿನ್ನಮ್ಮ ಮೊನ್ನೆ ಫೋನ್ ಮಾಡಿದ್ದಳು. ನೀನು ಕಾರು ಓಡಿಸುವುದು ಬಿಟ್ಟು ಹೋಂಸ್ಟೇಗಳ ಲಾನ್ ನೋಡಿಕೊಳ್ಳುವ ಕೆಲಸ ಶುರು ಮಾಡುತ್ತೀಯಂತೆ. ಕೈಮರದ ಕಡೆ ಮೂರು, ಮಲ್ಲಂದೂರು ರಸ್ತೆಯಲ್ಲಿ ಎರಡು ಕಡೆ ಮಾತಾಗಿದೆಯಂತೆ. ಕೇಳಿ ತುಂಬಾ ಖುಷಿಯಾಯಿತು. ನೀನು ಕೊಳ್ಳಬೇಕು ಅಂತಿರುವ ಬ್ರಷ್ ಕಟ್ಟರ್, ಅಂದರೆ ಕಳೆ ಹೊಡೆಯುವ ಮಿಷನ್‌ನ ಫೋಟೋ ಕೂಡ ನೋಡಿದೆ. 52 ಸಿಸಿ, ಕೆಂಪು ಬಣ್ಣ, ಜೊತೆಗೆ ಐದು ಬಗೆ ಬ್ಲೇಡ್ ಫ್ರೀ. ನಾಳೆ ಸೋಮವಾರ ಅಡ್ವಾನ್ಸ್ ಕೊಡುತ್ತೇನೆ ಅಂದೆಯಂತೆ. ಬೇಡ ಅಂತ ನಿನ್ನಮ್ಮನ ಹತ್ತಿರ ಹೇಳಿ ಕಳಿಸಿದ್ದೇನೆ. ಒಂದು ವಾರ ತಡಿ. ಯಾಕೆ ಅಂತ ಈ ಕಾಗದದಲ್ಲಿ ಬರೆಯುತ್ತೇನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ತಿರುಗಿ ಕೇಳುವ ಪ್ರಶ್ನೆ ನನಗೆ ಅರ್ಧ ಕೇಳಿಸುವುದಿಲ್ಲ. ನನ್ನ ಬಲಗಿವಿಯ ವಿಷಯ ನಿನಗೆ ಗೊತ್ತಲ್ಲ. ಅದಕ್ಕೂ ಈ ಮಿಷನ್‌ಗೂ ಸಂಬಂಧ ಇದೆ. ಅದನ್ನೂ ಮುಂದೆ ಬರೆಯುತ್ತೇನೆ.

ಮೊದಲು ನಾನು ನಿನ್ನನ್ನು ಒಂದು ಕೇಳುತ್ತೇನೆ. ನೀನು ಕತ್ತರಿಸಬೇಕಾಗಿರುವುದು ಏನು? ಲಾನ್ ಅನ್ನುತ್ತೀಯ. ನಮ್ಮ ಕಡೆಯ ಹೋಂಸ್ಟೇಯಲ್ಲಿ ಲಾನ್ ಎಷ್ಟಿರುತ್ತದೆ? ಮನೆ ಮುಂದೆ ಒಂದು ಕಣದಷ್ಟು ಜಾಗ. ಉಳಿದದ್ದೆಲ್ಲ ಕಡಿದಾದ ಮಣ್ಣಿನ ಧರೆ, ಕಂದಕದಂಥ ಅಗಳು, ಬೇಲಿ ಸಾಲು, ಮೆಟ್ಟಿಲ ಪಕ್ಕ, ಗೇಟಿನಿಂದ ಮನೆವರೆಗಿನ ಮಣ್ಣಿನ ದಾರಿ. ಆಮೇಲೆ ಓನರ್ ಮೆಲ್ಲಗೆ, ‘ಹಾಗೇ ಹಿಂದಿನ ತೋಟದ ನಾಲ್ಕು ಸಾಲೂ ಹೊಡೆದುಕೊಡಿ’ ಅನ್ನುತ್ತಾರೆ. ಇದು ಗ್ಯಾರಂಟಿ. ಅಂದರೆ ನಿನ್ನ ಕೆಲಸ ನಾಲ್ಕು ಬಗೆ. ಮೆತ್ತನೆಯ ಹುಲ್ಲು, ಉದ್ದ ಬೆಳೆದ ಒರಟು ಹುಲ್ಲು, ಲಂಟಾನದಂಥ ಕಡ್ಡಿ ಗಿಡ, ಕಾಫಿ ಬುಡದ ಕಳೆ. ಐದೂ ಜಾಗಕ್ಕೆ ಹೋಗಿ, ಒಂದು ಪುಸ್ತಕದಲ್ಲಿ ಯಾವುದು ಎಷ್ಟಿದೆ ಅಂತ ಬರೆದುಕೋ. ಯಾವುದು ಜಾಸ್ತಿಯೋ ಅದಕ್ಕೆ ತಕ್ಕ ಮಿಷನ್ ತಗೋ.

ಇನ್ನೊಂದು ಮಾತನ್ನು ಓನರ್‌ಗಳಿಗೆ ಮೊದಲೇ ಬಿಡಿಸಿ ಹೇಳು. ಬ್ರಷ್ ಕಟ್ಟರ್‌ನಿಂದ ಕಾರ್ಪೆಟ್ ಥರ ಲಾನ್ ಬರುವುದಿಲ್ಲ. ಅದು ಕೈಯಲ್ಲಿ ಬೀಸುವ ಮಿಷನ್. ಎಷ್ಟೇ ಪಳಗಿದ ಕೈ ಆದರೂ ಒಂದು ಕಡೆ ಎರಡು ಇಂಚು, ಇನ್ನೊಂದು ಕಡೆ ಒಂದು ಇಂಚು ಆಗುತ್ತದೆ. ಬುಡಕ್ಕೆ ತಾಗಿಸಿದರೆ ಮಣ್ಣು ಕಾಣುತ್ತದೆ, ಅಲ್ಲಿ ಹುಲ್ಲು ಹಳದಿಯಾಗಿ ಜೇಕು ಕಳೆ ಎದ್ದು ಬರುತ್ತದೆ. ಮೆಕ್ಸಿಕನ್ ಹುಲ್ಲು ಹಾಕಿದ ನುಣುಪಾದ ಲಾನ್‌ಗೆ ಚಕ್ರದ ಲಾನ್ ಮೋವರ್ರೇ ಬೇಕು. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೆಗೆಯಬಾರದು. ಎಷ್ಟೋ ಹೋಂಸ್ಟೇಗಳಲ್ಲಿ ಮೋವರ್ ತಂದು ಶೆಡ್ಡಿನಲ್ಲಿ ಇಟ್ಟಿರುತ್ತಾರೆ, ಓಡಿಸುವವರು ಇರುವುದಿಲ್ಲ. ಅದನ್ನು ಕೇಳಿ ನೋಡು. ನಿನ್ನ ಬ್ರಷ್ ಕಟ್ಟರ್ ಅಂಚಿಗೆ, ಧರೆಗೆ, ಕಲ್ಲು ಕಟ್ಟಡದ ಮಗ್ಗುಲಿಗೆ. ಇದನ್ನು ಮೊದಲೇ ಹೇಳಿದರೆ ಆಮೇಲೆ ಮಾತು ಬರುವುದಿಲ್ಲ.

ಈಗ ಆ 52 ಸಿಸಿ ವಿಷಯ.

ನಾನು ಮೊದಲು ತಂದದ್ದೂ ಅಂಥದ್ದೇ. ಅಂಗಡಿಯವರು ‘ಪವರ್ ಜಾಸ್ತಿ, ಏನು ಸಿಕ್ಕಿದರೂ ಕತ್ತರಿಸುತ್ತದೆ’ ಅಂದರು. ನಾನು ನಂಬಿದೆ. ಮೊದಲ ದಿನ ಎರಡು ಗಂಟೆ ಚೆನ್ನಾಗಿ ಓಡಿತು. ಮೂರನೇ ಗಂಟೆಗೆ ನನ್ನ ಬಲಭುಜ ಕೆಳಗೆ ಎಳೆಯಿತು. ಮಧ್ಯಾಹ್ನದ ಹೊತ್ತಿಗೆ ಬೀಸುವುದು ನಿಂತು ಎಳೆದಾಡುವುದು ಶುರುವಾಯಿತು. ಸಂಜೆ ಮನೆಗೆ ಬಂದು ಕಾಫಿ ತೂಗುವ ತಕ್ಕಡಿಯ ಮೇಲೆ ಇಟ್ಟೆ. ಪೆಟ್ರೋಲ್, ಬ್ಲೇಡ್, ಗಾರ್ಡ್ ಎಲ್ಲ ಸೇರಿ ಹತ್ತು ಕೆಜಿ ಹತ್ತಿರ ಹತ್ತಿರ. ಅದನ್ನು ಒಂದು ಭುಜಕ್ಕೆ ತೂಗುಹಾಕಿ, ಬಲಕ್ಕೆ ಎಡಕ್ಕೆ ಆರು ಗಂಟೆ ತಿರುಗಿಸಿದರೆ ಸೊಂಟ ಏನಾಗಬೇಕು ಹೇಳು.

ಸಿಸಿ ಅನ್ನುವುದು ಎಂಜಿನ್ ಒಳಗಿನ ಜಾಗದ ಅಳತೆ. ಶಕ್ತಿಯ ಅಳತೆ ಕಿಲೋವ್ಯಾಟ್. ಅಂಗಡಿಯಲ್ಲಿ ಅದನ್ನು ಕೇಳು. ಮಿಷನ್ ಜೊತೆ ಬರುವ ಪುಸ್ತಕದಲ್ಲಿ ಎರಡು ಸಂಖ್ಯೆ ನೋಡು, ಕಿಲೋವ್ಯಾಟ್ ಎಷ್ಟು ಮತ್ತು ಕೆಜಿ ಎಷ್ಟು. ಉದಾಹರಣೆಗೆ ಸ್ಟಿಲ್ ಕಂಪನಿಯ ಎಫ್‌ಎಸ್ 120 ಮಾಡೆಲ್ 30.8 ಸಿಸಿ, 1.3 ಕಿಲೋವ್ಯಾಟ್. ಅದೇ ಕಂಪನಿಯ ಎಫ್‌ಎಸ್ 250 ಮಾಡೆಲ್ 40.2 ಸಿಸಿ, 1.6 ಕಿಲೋವ್ಯಾಟ್. ಪೆಟ್ರೋಲ್, ಬ್ಲೇಡ್ ಬಿಟ್ಟು ಎರಡೂ ಸುಮಾರು 6.3 ಕೆಜಿ. ಹೋಂಡಾದ ಜಿಎಕ್ಸ್ 35 ಫೋರ್ ಸ್ಟ್ರೋಕ್ ಎಂಜಿನ್ 35.8 ಸಿಸಿ, 1 ಕಿಲೋವ್ಯಾಟ್. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿ ತೂಗುತ್ತದೆ, ಅದನ್ನೂ ಸೇರಿಸಿಕೋ. 52 ಸಿಸಿಯ ಪುಸ್ತಕದಲ್ಲಿ ಕಿಲೋವ್ಯಾಟ್ ಬರೆದೇ ಇಲ್ಲದಿದ್ದರೆ ಅದನ್ನು ಅಲ್ಲೇ ಬಿಟ್ಟು ಬಾ.

ನಿನ್ನ ಮೈಕಟ್ಟು ನಮ್ಮ ಅಪ್ಪನ ಥರ, ತೆಳ್ಳಗೆ. ನಿನಗೆ ಏಳು ಕೆಜಿ ಆಸುಪಾಸಿನ ಮಿಷನ್ ಸಾಕು. ಅಂಗಡಿಯಲ್ಲಿ ಸುಮ್ನೆ ಎತ್ತಿ ನೋಡಿ ಇಡಬೇಡ. ಬೆಲ್ಟ್ ಹಾಕಿಕೊಂಡು, ಟ್ಯಾಂಕ್ ತುಂಬಿಸಿ, ಇಪ್ಪತ್ತು ನಿಮಿಷ ಹೊತ್ತು ನಿಲ್ಲು. ಅಂಗಡಿಯವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ. ಅದನ್ನು ವರ್ಷಗಟ್ಟಲೆ ಹೊರುವವನು ನೀನು.

ಟೂ ಸ್ಟ್ರೋಕ್ ತಗೊಳ್ಳಲಾ, ಫೋರ್ ಸ್ಟ್ರೋಕ್ ತಗೊಳ್ಳಲಾ ಅಂತ ಕೇಳಿದ್ದೀಯ. ಎರಡನ್ನೂ ನಾನು ಓಡಿಸಿದ್ದೇನೆ. ಟೂ ಸ್ಟ್ರೋಕ್ ಹಗುರ. ಒಡನೆ ರೇಸ್ ಏರುತ್ತದೆ, ಲಂಟಾನ ಬುಡಕ್ಕೆ ಬ್ಲೇಡ್ ಇಟ್ಟರೆ ಸೋಲುವುದಿಲ್ಲ. ಬಿಚ್ಚಿ ಜೋಡಿಸುವುದೂ ಸುಲಭ. ಆದರೆ ಅದರ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಬೆರೆಸುವುದರಲ್ಲೇ ಅದರ ಆಯುಷ್ಯ ಇದೆ. ಪುಸ್ತಕದಲ್ಲಿ 50ಕ್ಕೆ 1 ಅಂತ ಇದ್ದರೆ ಲೀಟರಿಗೆ 20 ಎಂಎಲ್. 25ಕ್ಕೆ 1 ಅಂತ ಇದ್ದರೆ 40 ಎಂಎಲ್. ನಾನು ಮೆಡಿಕಲ್ ಶಾಪಿನಿಂದ 20 ಎಂಎಲ್ ಸಿರಿಂಜ್ ತಂದಿಟ್ಟುಕೊಂಡಿದ್ದೆ. ಬೆಳಿಗ್ಗೆ ಜಗಲಿಯ ಮೇಲೆ ಕೂತು, ಕ್ಯಾನಿಗೆ ಮೊದಲು ಅರ್ಧ ಪೆಟ್ರೋಲ್, ಆಮೇಲೆ ಅಳೆದು ಆಯಿಲ್, ಕ್ಯಾನ್ ಅಲುಗಾಡಿಸಿ ಮತ್ತೆ ಉಳಿದ ಪೆಟ್ರೋಲ್. ಆಯಿಲ್ ಹಾಕಿದ ಕ್ಯಾನಿನ ಹಿಡಿಗೆ ಒಂದು ಕೆಂಪು ಬಟ್ಟೆ ಚೂರು ಕಟ್ಟುತ್ತಿದ್ದೆ. ಯಾಕೆ ಅಂದರೆ ಒಂದು ಸಲ ನಮ್ಮ ಜೊತೆಯ ಹುಡುಗ ಬರೀ ಪೆಟ್ರೋಲ್ ಇದ್ದ ಕ್ಯಾನ್ ತೆಗೆದು ಟ್ಯಾಂಕಿಗೆ ಸುರಿದುಬಿಟ್ಟ. ಹತ್ತು ನಿಮಿಷ ಓಡಿತು. ಸದ್ದು ತೀಕ್ಷ್ಣ ಆಯಿತು, ಆಮೇಲೆ ಗಕ್ಕನೆ ನಿಂತಿತು. ಹಗ್ಗ ಎಳೆದರೆ ಅಲುಗಲಿಲ್ಲ. ಬಿಚ್ಚಿದಾಗ ಪಿಸ್ಟನ್ ಮೈಯೆಲ್ಲ ಉಗುರಿನಿಂದ ಗೀರಿದ ಹಾಗೆ ಗೆರೆ ಬಿದ್ದಿತ್ತು. ಸಿಲಿಂಡರ್, ಪಿಸ್ಟನ್ ಎರಡೂ ಹೋದವು. ಆ ಮಳೆಗಾಲದ ಅರ್ಧ ದುಡಿಮೆ ಅದಕ್ಕೇ ಹೋಯಿತು.

ಫೋರ್ ಸ್ಟ್ರೋಕಿಗೆ ಬೆರೆಸುವ ಕೆಲಸ ಇಲ್ಲ. ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಸದ್ದು ದಪ್ಪ, ಆದರೆ ಕಿವಿ ಚುಚ್ಚುವುದಿಲ್ಲ. ಹೊಗೆ ಕಡಿಮೆ, ಪೆಟ್ರೋಲೂ ಕಡಿಮೆ ಕುಡಿಯುತ್ತದೆ. ಜಿಎಕ್ಸ್ 35ರಂಥ ಎಂಜಿನ್‌ ಅನ್ನು ಧರೆಯಲ್ಲಿ ಓರೆಯಾಗಿ ಹಿಡಿದರೂ ಆಯಿಲ್ ಎಲ್ಲ ಕಡೆ ಹೋಗುತ್ತದೆ. ಆದರೆ ಅದರ ಹೊಟ್ಟೆಯಲ್ಲಿ ಇರುವುದು ಬರೀ 100 ಎಂಎಲ್ ಆಯಿಲ್. ಒಂದು ಲೋಟ ಕಾಫಿಯಷ್ಟೂ ಇಲ್ಲ. ಅದು ಕಡಿಮೆಯಾದರೆ ಎಂಜಿನ್ ಹೋಯಿತು ಅಂತಲೇ. ದಿನಾ ಬೆಳಿಗ್ಗೆ ಮಟ್ಟವಾದ ಜಾಗದಲ್ಲಿ ಇಟ್ಟು ಮುಚ್ಚಳ ತೆಗೆದು ನೋಡಬೇಕು. ಹೊಸದರಲ್ಲಿ ಮೊದಲ 10 ಗಂಟೆಗೆ ಆಯಿಲ್ ಬದಲಿಸು, ಆಮೇಲೆ 50 ಗಂಟೆಗೊಮ್ಮೆ.

ನನ್ನ ಅಭಿಪ್ರಾಯ ಕೇಳಿದರೆ ನಿನಗೆ ಮೊದಲು ಫೋರ್ ಸ್ಟ್ರೋಕ್. ಹೋಂಸ್ಟೇಗೆ ಜನ ಬರುವುದೇ ನೆಮ್ಮದಿಗೆ. ಬೆಳಿಗ್ಗೆ ಅಕ್ಕಿರೊಟ್ಟಿ ತಿನ್ನುತ್ತಾ ಬೆಟ್ಟ ನೋಡುತ್ತಾ ಕೂತವರ ಮುಂದೆ ಹೊಗೆ ಬಿಡುವ ಮಿಷನ್ ಓಡಿಸಿದರೆ ಓನರ್ ಎರಡನೇ ಸಲ ಕರೆಯುವುದಿಲ್ಲ. ಮುಂದೆ ತೋಟದ ಕೆಲಸ ಹೆಚ್ಚಿದರೆ ಆಗ 40 ಸಿಸಿಯ ಒಂದು ಟೂ ಸ್ಟ್ರೋಕ್ ಸೇರಿಸಿಕೊಳ್ಳುವೆಯಂತೆ. ಬ್ಯಾಟರಿ ಮಿಷನ್ ಕೂಡ ಬಂದಿದೆ, ಸದ್ದು ಕಡಿಮೆ. ಆದರೆ ದಿನವಿಡೀ ದುಡಿಯಲು ಎರಡು ಮೂರು ಬ್ಯಾಟರಿ ಬೇಕು, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ನಿನಗೆ ಗೊತ್ತು. ಈಗ ಬೇಡ.

ಪೆಟ್ರೋಲ್ ಬಗ್ಗೆ ಒಂದು ಮಾತು. ಈಗ ಬಂಕಿನಲ್ಲಿ ಬರುವುದು ಹೆಚ್ಚಾಗಿ ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್. ಎಥನಾಲ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಆರಿದ್ರಾ ಮಳೆಯಲ್ಲಿ ನಮ್ಮ ಗೋಡೆಯೇ ಒದ್ದೆ ಆಗಿರುತ್ತದೆ, ಇನ್ನು ಪೆಟ್ರೋಲ್ ಬಿಡುತ್ತದೆಯೇ? ಹಳೇ ಪೆಟ್ರೋಲ್ ಟ್ಯಾಂಕಿನಲ್ಲಿ ನಿಂತರೆ ಕಾರ್ಬುರೇಟರ್ ಒಳಗಿನ ತೆಳು ರಬ್ಬರ್ ಗಟ್ಟಿಯಾಗುತ್ತದೆ. ಬಹಳಷ್ಟು ಸಣ್ಣ ಎಂಜಿನ್‌ಗಳ ಪುಸ್ತಕದಲ್ಲಿ ಎಥನಾಲ್ 10 ಪಾಲಿನವರೆಗೆ ಮಾತ್ರ ಅಂತ ಇರುತ್ತದೆ. ನೀನು ತಗೊಳ್ಳುವ ಮಾಡೆಲ್‌ನಲ್ಲಿ ಏನಿದೆ ಅಂತ ಅಂಗಡಿಯವರಿಂದ ಪುಟ ತೆಗೆಸಿ ಓದು. ಯಾವುದೇ ಆಗಲಿ, ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತರು. ಮೂರು ನಾಲ್ಕು ದಿನ ಕೆಲಸ ಇಲ್ಲ ಅಂದರೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗೇ ನಿಲ್ಲುವವರೆಗೆ ಓಡಿಸಿ ಇಡು.

ಸೈಡ್ ಪ್ಯಾಕೋ ಬ್ಯಾಕ್ ಪ್ಯಾಕೋ ಅನ್ನುವುದಕ್ಕೆ ನಾನು ಹೆಚ್ಚು ಬರೆಯುವುದಿಲ್ಲ. ಸೈಡ್ ಪ್ಯಾಕ್ ಭುಜದಿಂದ ಪಕ್ಕಕ್ಕೆ ತೂಗುತ್ತದೆ. ಬ್ಯಾಕ್ ಪ್ಯಾಕ್ ಬೆನ್ನ ಮೇಲೆ ಕೂರುತ್ತದೆ, ಕಡಿದಾದ ಧರೆಯಲ್ಲಿ ಅನುಕೂಲ. ಆದರೆ ಅದರಲ್ಲಿ ಬಾಗುವ ಕೇಬಲ್ ಇದೆ. ಗ್ರೀಸ್ ತಪ್ಪಿದರೆ ತುಂಡಾಗುತ್ತದೆ. ಜಾರಿ ಬಿದ್ದಾಗ ಬೆನ್ನಿನಿಂದ ಕಳಚುವುದೂ ನಿಧಾನ. ನಿನ್ನ ಕೆಲಸಕ್ಕೆ ಸೈಡ್ ಪ್ಯಾಕೇ ಸರಿ. ಹಿಡಿ ಮಾತ್ರ ಯೋಚಿಸಿ ಆರಿಸು. ಸೈಕಲ್ ಹ್ಯಾಂಡಲ್ ಥರದ್ದು ಬಯಲಿಗೆ ಒಳ್ಳೆಯದು, ಬೀಸು ಅಗಲ ಸಿಗುತ್ತದೆ. ಕಾಫಿ ಗಿಡಗಳ ಮಧ್ಯೆ, ಮೆಟ್ಟಿಲ ಸಂದಿಯಲ್ಲಿ ಅದು ಕೊಂಬೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿ ಬಳೆಯಂಥ ಗುಂಡು ಹಿಡಿ ವಾಸಿ.

ಬೆಲ್ಟ್ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬೇಡ. ಮಿಷನ್ ಜೊತೆ ಒಂದೇ ಭುಜದ ತೆಳು ಪಟ್ಟಿ ಕೊಟ್ಟರೆ ಅದನ್ನು ಪಕ್ಕಕ್ಕಿಟ್ಟು, ಎರಡೂ ಭುಜಕ್ಕೆ ಬರುವ, ಸೊಂಟಕ್ಕೆ ಪಟ್ಟಿ ಇರುವ, ತೊಡೆಗೆ ಪ್ಯಾಡ್ ಇರುವ ಬೆಲ್ಟ್ ಬೇರೆ ತಗೋ. ಹಾಕಿಕೊಂಡು ಕೊಕ್ಕೆಗೆ ಮಿಷನ್ ಸಿಗಿಸು. ಎರಡೂ ಕೈ ಬಿಡು. ಮಿಷನ್ ತಕ್ಕಡಿಯ ಕಡ್ಡಿ ಥರ ತಾನಾಗೇ ನಿಲ್ಲಬೇಕು. ಬ್ಲೇಡ್ ಬದಲು ನೈಲಾನ್ ದಾರ ಸುತ್ತಿದ ತಲೆ ಇದ್ದಾಗ ಅದು ನೆಲಕ್ಕೆ ಹಗುರವಾಗಿ ತಾಗಿರಬೇಕು. ಬ್ಲೇಡ್ ಇದ್ದಾಗ ನೆಲದಿಂದ ಒಂದು ಗೇಣು ಮೇಲೆ ತೇಲಬೇಕು. ಹಾಗೆ ನಿಂತರೆ ಕೈಗೆ ಬರೀ ದಾರಿ ತೋರಿಸುವ ಕೆಲಸ. ನಿಲ್ಲದಿದ್ದರೆ ದಿನವಿಡೀ ಅದನ್ನು ಎತ್ತುವುದೂ ನಿನ್ನ ಕೈಯದ್ದೇ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಗೊತ್ತಾಗುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು.

ಐದು ಬಗೆ ಬ್ಲೇಡ್ ಫ್ರೀ ಅಂದೆಯಲ್ಲ, ನಿನಗೆ ಬೇಕಾಗುವುದು ಎರಡೇ. ಒಂದು ನೈಲಾನ್ ದಾರದ ತಲೆ. ಇನ್ನೊಂದು ಮೂರು ಹಲ್ಲಿನ ಬ್ಲೇಡ್. ಲಾನ್ ಅಂಚಿಗೆ, ಕಲ್ಲಿನ ಪಕ್ಕಕ್ಕೆ ದಾರ, 2.4 ಎಂಎಂ ಸಾಕು. ದಪ್ಪ ದಾರ ಹಾಕಿದರೆ ಚೆನ್ನಾಗಿ ಕತ್ತರಿಸುತ್ತದೆ ಅಂತ ತಿಳಿಯಬೇಡ. ಸಣ್ಣ ಎಂಜಿನ್‌ಗೆ ಅದು ಭಾರ. ದಾರ ಒಣಗಿ ಪುಡಿಪುಡಿಯಾಗಿ ತುಂಡಾಗುತ್ತಿದ್ದರೆ ಹಿಂದಿನ ರಾತ್ರಿ ಒಂದು ಬಕೆಟ್ ನೀರಿನಲ್ಲಿ ನೆನೆಹಾಕು. ಬೆಳಿಗ್ಗೆ ಮೆತ್ತಗಾಗಿರುತ್ತದೆ, ಬಾಳಿಕೆ ಬರುತ್ತದೆ. ಕೆಲವರು ದಾರದ ಬದಲು ಕಬ್ಬಿಣದ ತಂತಿ ಹಾಕುತ್ತಾರೆ. ನೀನು ಯಾವ ಕಾರಣಕ್ಕೂ ಹಾಕಬೇಡ. ತುಂಡಾದ ತಂತಿ ಗುಂಡಿನ ಹಾಗೆ ಹಾರುತ್ತದೆ.

ಕಳೆ ಬಲಿತು ಕಡ್ಡಿಯಾಗಿದ್ದರೆ ಬ್ಲೇಡ್. ಬ್ಲೇಡಿನ ನಟ್ಟಿಗೆ ಉಲ್ಟಾ ಮರೆ, ಅಂದರೆ ಥ್ರೆಡ್ ಉಲ್ಟಾ. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಗೊತ್ತಿಲ್ಲದವರು ಜೋರು ಮಾಡಿ ಮರೆ ಹಾಳು ಮಾಡುತ್ತಾರೆ. ಮೇಲಿನಿಂದ ನೋಡಿದರೆ ಬ್ಲೇಡ್ ಗಡಿಯಾರದ ಮುಳ್ಳಿಗೆ ವಿರುದ್ಧ ಸುತ್ತುತ್ತದೆ. ಅದಕ್ಕೇ ಬೀಸು ಬಲದಿಂದ ಎಡಕ್ಕೆ, ಕತ್ತರಿಸುವುದು ಬ್ಲೇಡಿನ ಎಡ ಅಂಚಿನಿಂದ. ಮುಂದಿನ ಬಲ ಮೂಲೆ ಕಲ್ಲಿಗೋ ಬುಡಕ್ಕೋ ತಾಗಿದರೆ ಮಿಷನ್ ಒದ್ದು ಪಕ್ಕಕ್ಕೆ ಚಿಮ್ಮುತ್ತದೆ. ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಅವರ ಕಾಲು. 15 ಮೀಟರ್ ಒಳಗೆ ಯಾರೂ ಇರಬಾರದು ಅಂತ ಎಲ್ಲ ಮಿಷನ್ ಪುಸ್ತಕದಲ್ಲೂ ಬರೆದಿರುತ್ತದೆ. ಅದು ಹೆದರಿಸಲು ಬರೆದದ್ದಲ್ಲ. ಹೋಂಸ್ಟೇಯಲ್ಲಿ ಮಕ್ಕಳು ಓಡಿ ಬರುತ್ತಾರೆ, ಕಾರುಗಳು ನಿಂತಿರುತ್ತವೆ. ಒಂದು ಕಡಲೆಕಾಳಿನಷ್ಟು ಕಲ್ಲು ಸಾಕು ಕಾರಿನ ಗಾಜಿಗೆ. ಶುರು ಮಾಡುವ ಮೊದಲು ಜಾಗವನ್ನೆಲ್ಲ ನಡೆದು ನೋಡು. ಕಲ್ಲು, ಬಾಟಲಿ, ತಂತಿ, ನೀರಿನ ಪೈಪು, ಕಡಜದ ಗೂಡು, ಎಲ್ಲ ಕಣ್ಣಿಗೆ ಬೀಳಬೇಕು.

ಇಲ್ಲಿ ಒಂದು ಘಟನೆ ಹೇಳಬೇಕು. ನಿನ್ನ ಅತ್ತೆಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ.

ನನ್ನ ಎರಡನೇ ವರ್ಷ. ವಸ್ತಾರೆ ಕಡೆ ಒಂದು ತೋಟ. ಸಿಲ್ವರ್ ಓಕ್ ಮರದ ಬುಡದಲ್ಲಿ ಜರಿ ಗಿಡ ಸೊಂಟದೆತ್ತರ ಬೆಳೆದಿತ್ತು. ಮಧ್ಯಾಹ್ನದೊಳಗೆ ಆ ಸಾಲು ಮುಗಿಸಬೇಕು ಅಂತ ಬೀಸುತ್ತಾ ಹೋದೆ. ಒಂದು ಕಡೆ ಸಣ್ಣ ಅದುರು ಕೈಗೆ ಗೊತ್ತಾಯಿತು. ನಿಲ್ಲಿಸಿ ಜರಿ ಸರಿಸಿ ನೋಡಿದೆ. ಹೆಬ್ಬೆರಳು ದಪ್ಪದ ಮೆಣಸಿನ ಬಳ್ಳಿ, ನೆಲದಿಂದ ಒಂದು ಗೇಣು ಮೇಲೆ ಕತ್ತರಿಸಿ ಹೋಗಿತ್ತು. ಕಡಿದ ಜಾಗದಲ್ಲಿ ರಸ ಹನಿಯುತ್ತಿತ್ತು. ತಲೆ ಎತ್ತಿದೆ. ಮರದ ಅರ್ಧದವರೆಗೆ ಎಲೆಯೆಲ್ಲ ಹಸಿರಾಗಿ, ಏನೂ ಆಗದ ಹಾಗೆ ಇತ್ತು. ಆವತ್ತು ಬಾಯಿ ಬರಲಿಲ್ಲ. ಒಂದು ವಾರ ಬಿಟ್ಟು ಅದೇ ದಾರಿಯಲ್ಲಿ ಹೋದಾಗ ಬಳ್ಳಿ ಪೂರ್ತಿ ಜೋತು ಬಿದ್ದಿತ್ತು. ಗೊಂಚಲು ಗೊಂಚಲಾಗಿ ಹಿಡಿದ ಎಳೆ ಮೆಣಸು ಕಪ್ಪಾಗಿತ್ತು. ಆಗ ಹೋಗಿ ತೋಟದವರಿಗೆ ಹೇಳಿದೆ. ಅವರು ಬೈಯಲಿಲ್ಲ. ‘ಅದನ್ನು ನಮ್ಮ ತಂದೆ ನೆಟ್ಟಿದ್ದರು’ ಅಂದರು, ಅಷ್ಟೇ. ನನ್ನ ಕೂಲಿಯಲ್ಲಿ ಒಂದು ರೂಪಾಯಿ ಹಿಡಿಯಲಿಲ್ಲ. ಹಿಡಿದಿದ್ದರೆ ನನಗೆ ಹಗುರ ಆಗುತ್ತಿತ್ತು.

ಆವತ್ತಿನಿಂದ ಬಳ್ಳಿ ಇರುವ ಮರದ ಬುಡ, ಎಳೆ ಕಾಫಿ ಗಿಡದ ಬುಡ ಮೊದಲು ಕತ್ತಿಯಿಂದ ಬಿಡಿಸುತ್ತೇನೆ. ಒಂದು ಮೊಳ ಸುತ್ತ ಬರಿದು ಮಾಡಿ, ಆಮೇಲೆಯೇ ಮಿಷನ್. ದಾರದ ತಲೆ ಮೆತ್ತಗಿರುತ್ತದೆ ಅಂತ ನಂಬಬೇಡ. ಹೋಂಸ್ಟೇಯವರು ಸಾಲಾಗಿ ನೆಟ್ಟ ಹೂವಿನ ಗಿಡ, ಬೆಣ್ಣೆಹಣ್ಣಿನ ಸಸಿ, ಇವುಗಳ ತೊಗಟೆಯನ್ನು ದಾರ ಎರಡು ಸೆಕೆಂಡಿನಲ್ಲಿ ಸುತ್ತಲೂ ಸುಲಿಯುತ್ತದೆ. ಆ ಗಿಡ ಮತ್ತೆ ಏಳುವುದು ಕಷ್ಟ. ಕಾಫಿಯ ಊಟದ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಕಳೆಯನ್ನು ನೆಲಕ್ಕೆ ಕೆರೆಯದೆ ಎರಡು ಮೂರು ಇಂಚು ಬಿಟ್ಟು ಹೊಡೆ. ಧರೆಯಲ್ಲಂತೂ ಬುಡ ಉಳಿಯಲೇಬೇಕು. ಬೋಳು ಮಾಡಿದ ಧರೆ ಜುಲೈ ಮಳೆಗೆ ರಸ್ತೆಗೆ ಬರುತ್ತದೆ.

ಇನ್ನು ಅಂಗಡಿ. ಮಿಷನ್ ಎಷ್ಟು ಒಳ್ಳೆಯದಾದರೂ ಅದರ ಬಿಡಿಭಾಗ ಚಿಕ್ಕಮಗಳೂರಿನಲ್ಲಿ ಸಿಗದಿದ್ದರೆ ಅದು ನಿನಗಲ್ಲ. ನನ್ನ ಮೊದಲ ಮಿಷನ್‌ನ ಕ್ಲಚ್ ಹೋದಾಗ ಅಂಗಡಿಯವರು ‘ಬೆಂಗಳೂರಿನಿಂದ ಬರಬೇಕು’ ಅಂದರು. ಹದಿನೇಳು ದಿನ ಆಯಿತು. ಜೂನ್ ತಿಂಗಳ ಹದಿನೇಳು ದಿನ. ಒಪ್ಪಿದ ಕೆಲಸ ಮೂರು ಬೇರೆಯವರಿಗೆ ಹೋದವು. ಅದಕ್ಕೇ ನೀನು ಅಂಗಡಿಗೆ ಹೋದಾಗ ಮಿಷನ್ ಬೆಲೆ ಆಮೇಲೆ ಕೇಳು. ಮೊದಲು ಕ್ಲಚ್ ಶೂ, ಸ್ಟಾರ್ಟರ್ ಹಗ್ಗ, ಏರ್ ಫಿಲ್ಟರ್, ಕಾರ್ಬುರೇಟರ್ ಕಿಟ್, ಗೇರ್ ತಲೆ, ಇವು ಐದನ್ನೂ ಕೌಂಟರ್ ಮೇಲೆ ತಂದಿಡಿ ಅನ್ನು. ತಂದಿಟ್ಟರೆ ಮುಂದೆ ಮಾತಾಡು. ‘ತರಿಸಿಕೊಡೋಣ’ ಅಂದರೆ ನಮಸ್ಕಾರ ಹೇಳಿ ಬಾ. ರಿಪೇರಿ ಮಾಡುವ ಹುಡುಗ ಅಲ್ಲೇ ಇದ್ದಾನಾ ನೋಡು. ಅವನ ಜೊತೆ ಒಂದು ಟೀ ಕುಡಿ. ಯಾವ ಮಿಷನ್ ಜಾಸ್ತಿ ರಿಪೇರಿಗೆ ಬರುತ್ತದೆ ಅಂತ ಅವನಿಗೆ ಗೊತ್ತಿರುವಷ್ಟು ಮಾಲೀಕನಿಗೂ ಗೊತ್ತಿರುವುದಿಲ್ಲ. ಅಂಗಡಿಯಲ್ಲೇ ಸ್ಟಾರ್ಟ್ ಮಾಡಿಸು. ರೇಸ್ ಬಿಟ್ಟು ಸುಮ್ನೆ ನಿಂತಾಗ ಬ್ಲೇಡ್ ಸುತ್ತಬಾರದು. ಸುತ್ತಿದರೆ ಟ್ಯೂನಿಂಗ್ ಸರಿಯಿಲ್ಲ ಅಥವಾ ಕ್ಲಚ್ ಹಿಡಿದಿದೆ.

ಸಬ್ಸಿಡಿ ಬಗ್ಗೆ ನಿನ್ನಮ್ಮ ಕೇಳಿದಳು. ಕೃಷಿ ಯಾಂತ್ರೀಕರಣದ ಯೋಜನೆಯಲ್ಲಿ ಬ್ರಷ್ ಕಟ್ಟರ್‌ಗೂ ಸಹಾಯಧನ ಇದೆ. ಆದರೆ ಅದು ರೈತರಿಗೆ. ಜಮೀನು ಇರುವವರ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ ಬೇಕು. ನಿಮ್ಮ ಅಜ್ಜನ ಜಮೀನು ಇನ್ನೂ ನಿನ್ನಮ್ಮನ ಹೆಸರಿನಲ್ಲಿ ಇದೆಯಲ್ಲ. ಅವಳನ್ನೇ ಕರೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ವಿಚಾರಿಸು. ಅವರ ಪಟ್ಟಿಯಲ್ಲಿ ನಿನಗೆ ಬೇಕಾದ ಮಾಡೆಲ್ ಇದ್ದರೆ ಸರಿ. ಸಬ್ಸಿಡಿ ಸಿಗುತ್ತದೆ ಅಂತ ಬೇಡದ್ದನ್ನು ಹೊತ್ತು ತರಬೇಡ.

ಈಗ ಕಿವಿಯ ವಿಷಯ.

ಈ ಮಿಷನ್ ಸದ್ದು ಓಡಿಸುವವನ ಕಿವಿಯ ಹತ್ತಿರ 95 ಡೆಸಿಬಲ್‌ಗಿಂತ ಮೇಲೆ ಹೋಗುತ್ತದೆ. ದಿನಕ್ಕೆ ಎಂಟು ಗಂಟೆ 85 ಡೆಸಿಬಲ್ ಕೇಳಿದರೇ ಕಿವಿ ಕೆಡುತ್ತದೆ. ಎಂಜಿನ್ ಇರುವುದು ಬಲಗಡೆ, ಸೊಂಟದ ಹಿಂದೆ. ಹದಿನಾಲ್ಕು ವರ್ಷ ನಾನು ಕಿವಿಗೆ ಏನೂ ಹಾಕಲಿಲ್ಲ. ತಲೆಗೆ ಟವೆಲ್ ಸುತ್ತಿದರೆ ಸಾಕು ಅಂದುಕೊಂಡೆ. ಮೊದಲು ಸಂಜೆ ಹೊತ್ತು ಕಿವಿಯೊಳಗೆ ಕುಂಯ್ ಅನ್ನುತ್ತಿತ್ತು. ರಾತ್ರಿ ಮಲಗಿದರೆ ನಿಲ್ಲುತ್ತಿತ್ತು. ಆಮೇಲೆ ನಿಲ್ಲುವುದೇ ಬಿಟ್ಟಿತು. ಮಳೆಗಾಲದ ರಾತ್ರಿ ನಮ್ಮ ಹಿತ್ತಲಲ್ಲಿ ಜೀರುಂಡೆ ಎಷ್ಟು ಕೂಗುತ್ತದೆ ನಿನಗೆ ನೆನಪಿದೆಯಲ್ಲ. ಈಗ ಅದು ನನಗೆ ಕೇಳಿಸುವುದಿಲ್ಲ. ಮೊಮ್ಮಗಳು ಬಲಗಡೆ ಕೂತು ಮಾತಾಡಿದರೆ ನಾನು ತಿರುಗಿ ಕೂರಬೇಕು. ಈಗ ಅವಳೇ ಎಡಗಡೆ ಬಂದು ಕೂರುವುದು ಕಲಿತಿದ್ದಾಳೆ.

ಬೆರಳುಗಳೂ ಹಾಗೆಯೇ. ಹಿಡಿಯ ಅದುರು ದಿನಾ ಕೈಗೆ ಹೋಗಿ ಹೋಗಿ, ಚಳಿಗಾಲದ ಬೆಳಿಗ್ಗೆ ನನ್ನ ಬಲಗೈಯ ಎರಡು ಬೆರಳ ತುದಿ ಬಿಳಿಚಿಕೊಳ್ಳುತ್ತವೆ. ಅಂಗಿ ಗುಂಡಿ ಹಾಕಲು ಹೊತ್ತು ಬೇಕು. ಮಿಷನ್ ಆರಿಸುವಾಗ ಎಂಜಿನ್‌ಗೂ ಹಿಡಿಗೂ ನಡುವೆ ರಬ್ಬರ್ ಅಥವಾ ಸ್ಪ್ರಿಂಗ್ ಇದೆಯಾ ಅಂತ ನೋಡು. ಫುಲ್ ರೇಸ್ ಕೊಟ್ಟು ಹಿಡಿದುಕೋ. ಕೈ ಜುಮ್ಮೆಂದರೆ ಬೇಡ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಕೈ ಬಿಡಿಸು.

ಆದ್ದರಿಂದ ನೀನು ಮಿಷನ್‌ಗೆ ಅಂತ ಕೂಡಿಟ್ಟ ದುಡ್ಡಿನಲ್ಲಿ ಮೊದಲು ಇವನ್ನು ತೆಗೆದಿಡು. ಕಿವಿಗೆ ಮಫ್, ಮುಖಕ್ಕೆ ಜಾಲರಿ, ಅದರ ಒಳಗೆ ಕನ್ನಡಕ, ಮೊಣಕಾಲವರೆಗಿನ ಗಂಬೂಟು, ದಪ್ಪ ಪ್ಯಾಂಟು, ಕೈಗವಸು. ಗಂಬೂಟು ಹಾವಿಗೂ ಆಯಿತು, ಇಂಬಳಕ್ಕೂ ಆಯಿತು, ಕಲ್ಲಿಗೂ ಆಯಿತು. ಉಳಿದ ದುಡ್ಡಿಗೆ ಎಷ್ಟು ಮಿಷನ್ ಬರುತ್ತದೋ ಅಷ್ಟು ತಗೋ. ಕಡಿಮೆ ಬಿದ್ದರೆ ನನ್ನ ಹತ್ತಿರ ಕೇಳು. ಮೆಣಸು ಮಾರಿದ ದುಡ್ಡು ಸ್ವಲ್ಪ ಇದೆ. ನಾಚಿಕೆ ಬೇಡ.

ಮುಂದಿನ ಭಾನುವಾರ ಬೆಳಿಗ್ಗೆ ಎಂಟರೊಳಗೆ ಇಲ್ಲಿಗೆ ಬಾ. ನನ್ನ ಹಳೇ ಫೋರ್ ಸ್ಟ್ರೋಕ್ ಶೆಡ್ಡಿನಲ್ಲಿದೆ. ಪ್ಲಗ್ ಒರೆಸಿ, ಗೇರ್ ತಲೆಗೆ ಗ್ರೀಸ್ ಹಾಕಿ, ಹೊಸ ಆಯಿಲ್ ತುಂಬಿಸಿ ಇಟ್ಟಿದ್ದೇನೆ. ಮನೆ ಹಿಂದಿನ ಧರೆಯ ಕಳೆಯನ್ನು ನಿನಗೆ ಅಂತಲೇ ಹಾಗೇ ಬಿಟ್ಟಿದ್ದೇನೆ. ಬೆಲ್ಟ್ ನಿನ್ನ ಅಳತೆಗೆ ನಾನೇ ಕಟ್ಟಿಕೊಡುತ್ತೇನೆ. ಎರಡು ಟ್ಯಾಂಕ್ ಖಾಲಿಯಾಗುವವರೆಗೆ ಓಡಿಸು. ಭುಜ ಏನು ಹೇಳುತ್ತದೆ, ಸೊಂಟ ಏನು ಹೇಳುತ್ತದೆ ಕೇಳಿಸಿಕೋ. ಸೋಮವಾರ ಇಬ್ಬರೂ ಮೊದಲ ಬಸ್ಸಿಗೆ ಚಿಕ್ಕಮಗಳೂರಿಗೆ ಹೋಗೋಣ. ಅಂಗಡಿಯಲ್ಲಿ ನೀನು ಮಾತಾಡು, ನಾನು ಪಕ್ಕದಲ್ಲಿ ಇರುತ್ತೇನೆ. ನನ್ನ ಎಡಗಡೆ ನಿಂತುಕೋ.

ನಿನ್ನ ಅತ್ತೆ ಕಡುಬು ಮಾಡುತ್ತಾಳಂತೆ. ನಿನ್ನಮ್ಮನನ್ನೂ ಕರೆದುಕೊಂಡು ಬಾ.

ಪ್ರೀತಿಯಿಂದ,
ನಿನ್ನ ಸೋದರಮಾವ